ನೇರಳೆ ಹಣ್ಣು, ಫ್ರೀಜರು, ನಮ್ಮ ವಾರಗಿತ್ತಿ

ಹೋದ ಸಲ ಹುರಿಹಿಟ್ಟಿನ ವಿಷ್ಯ ಬರ್ದಿದ್ನಲ್ಲ, ಅದನ್ನ ಓದ್ಬುಟ್ಟು ಹುಣಸೂರಿನ ನಮ್ಮ ನಾದ್ನಿ ಫೋನ್ ಮಾಡುದ್ಲು. "ಹುರಿಹಿಟ್ಟು ಯಾರಿಗೆ ಗೊತ್ತಿಲ್ಲ ಹೇಳತ್ಗೆ. ಯುಗಾದಿಗೆ ಬಂದಾಗ ನೇರಳೆ ಹಣ್ಣಿನ ಪಾನಕ ಕೊಟ್ಟಲ್ಲ, ಯುಗಾದೀಲಿ ನೇರಳೆ ಎಲ್ಲಿಂದ ಬಂತು? ಅದ್ನ ಬರಿ" ಅಂದ್ಲು. ಪಿರಿಯಾಪಟ್ಟಣದ ನಮ್ಮ ಚಿಕ್ಕವ್ವನ ಸೊಸೇನೂ ಅದನ್ನೇ ಕೇಳ್ತಿದ್ಲು. ಸರಿ, ಬರೀತೀನಿ. ಹಣ್ಣು ಇಟ್ಕೊಳೋದು ಹೆಂಗೆ ಅಂತ ಬರೆಯೋದು ಸುಲಭ. ಯಾಕೆ ಇಡಕ್ಕೆ ಶುರು ಮಾಡ್ದೆ ಅನ್ನೋದು ವಸಿ ಕಷ್ಟದ್ದು. ನಮ್ಮ ವಾರಗಿತ್ತೀನ ಕೇಳ್ದೆ, "ನಿನ್ ವಿಷ್ಯಾನೂ ಬರ್ತದೆ, ಬರೀಲಾ?" ಅಂತ. "ಬರಿ ಅಕ್ಕ, ಹೆಸ್ರು ಮಾತ್ರ ಹಾಕ್ಬೇಡ" ಅಂದ್ಲು. ಹೆಸರು ಹಾಕಿಲ್ಲ. ಗೊತ್ತಿರೋರಿಗೆ ಹೆಂಗಿದ್ರೂ ಗೊತ್ತಾಯ್ತದೆ.

ನಮ್ಮ ಹಟ್ಟಿ ಹಿಂದುಗಡೆ ಒಂದು ನೇರಳೆ ಮರ ಅದೆ. ನಾನು ಕೆ.ಆರ್. ನಗರದ ಕಡೆಯಿಂದ ಮದ್ವೆಯಾಗಿ ಎಚ್.ಡಿ. ಕೋಟೆಗೆ ಬಂದಾಗ್ಲೇ ಅದು ದೊಡ್ಡ ಮರ. ಯಾರೂ ನೆಟ್ಟಿದ್ದಲ್ಲ, ಹಕ್ಕಿ ಬೀಜ ಉದುರಿಸಿ ಹುಟ್ಟಿದ್ದು ಅಂತ ನಮ್ಮತ್ತೆ ಹೇಳೋರು. ಕಾಡಿನ ಕಿರುನೇರಳೆಯಲ್ಲ, ಜಂಬುನೇರಳೆ. ಹಣ್ಣು ಉದ್ದುದ್ದಕ್ಕೆ, ತಿರುಳು ಜಾಸ್ತಿ, ಬೀಜ ಸಣ್ಣದು. ಮುಂಗಾರು ಮಳೆ ಎರಡು ಬಿತ್ತು ಅಂದ್ರೆ ಸಾಕು, ಹಿತ್ತಲೆಲ್ಲ ಶಾಯಿ ಚೆಲ್ಲಿದಂಗೆ ಆಗೋದು. ಹಗಲೊತ್ತು ಕೋತಿ, ರಾತ್ರಿಯೊತ್ತು ಬಾವಲಿ, ನಡುವೆ ನಮ್ಮೂರ ಹೈಕ್ಳು. ತುಳಿದ ಹಣ್ಣನ್ನ ಬೆಳಿಗ್ಗೆ ಎದ್ದು ಪೊರಕೇಲಿ ಗುಡ್ಸಿ ತಿಪ್ಪೆಗೆ ಹಾಕೋದೇ ನಮ್ಗೆ ಕೆಲ್ಸ. ಅಣ್ಣ ತಮ್ಮ ಪಾಲು ಮಾಡ್ಕೊಂಡಾಗ ಮರ ಇರೋ ಜಾಗ ನಮ್ಮ ಮೈದನ ಪಾಲಿಗೆ ಹೋಯ್ತು. ಹೋದ್ರೂ ಏನು, ನೆರಳು ಇಬ್ಬರ ಮನೆಗೂ ಬೀಳ್ತದೆ, ಹಣ್ಣೂ ಇಬ್ಬರ ಹಿತ್ತಲಿಗೂ ಉದುರ್ತದೆ. ಮಧ್ಯ ಬೇಲಿ ಹಾಕಿಲ್ಲ.

ನನ್ನ ಮಗ ಮೈಸೂರಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಕಬಿನಿ ಹಿನ್ನೀರಿನ ಒಂದು ರೆಸಾರ್ಟಲ್ಲಿ ಕೆಲಸಕ್ಕೆ ಸೇರ್ದ. ಯಾವ್ದು ಅಂತ ಬೇಡ. "ಏನ್ ಕೆಲ್ಸ ಮಗ?" ಅಂದ್ರೆ "ಜ್ಯೂಸ್ ಸೆಕ್ಷನ್ ಕಣವ್ವ" ಅಂತಿದ್ದ. ನಾನೂ ಹಂಗೇ ತಿಳ್ಕೊಂಡಿದ್ದೆ. ಮೂರು ವರ್ಷದ ಕೆಳಗೆ ಜೂನ್ ತಿಂಗ್ಳಲ್ಲಿ ರಜಕ್ಕೆ ಬಂದೋನು ಅಂಗೈಯಗಲದ್ದು ಒಂದು ಖಾಲಿ ಪ್ಲಾಸ್ಟಿಕ್ ಡಬ್ಬಿ ತಂದ. "ಇದ್ರಲ್ಲಿ 125 ಗ್ರಾಮ್ ಬ್ಲೂಬೆರ್ರಿ ಇತ್ತವ್ವ, ಮುನ್ನೂರು ರೂಪಾಯಿ ಹತ್ರ. ಪರದೇಶದಿಂದ ಬತ್ತದೆ. ಬಂದೋರು ಇದ್ನ ಅವರೂರಲ್ಲೇ ತಿಂದಿರ್ತಾರೆ, ಇಲ್ಲಿ ನಿಮ್ಮ ಕಾಡಿನ ಹಣ್ಣು ಯಾವ್ದು ಅಂತ ಕೇಳ್ತಾರೆ" ಅಂದ. ಅಂದ್ಬುಟ್ಟು ಹಿತ್ತಲ ಕಡೆ ನೋಡ್ದ. ನಾನು ನಗ್ತಾ, "ಅದುಕ್ಕೇನು, ಒಂದು ಕುಕ್ಕೆ ತಕೊಂಡೋಗು, ಪಾನಕ ಮಾಡಿಕೊಡಿ" ಅಂದೆ. ಅವ್ನು ವಸಿ ಹೊತ್ತು ಸುಮ್ನಿದ್ದು, "ಪಾನಕಾನೂ ಮಾಡ್ತೀವಿ. ಕಾಕ್‌ಟೇಲೂ ಮಾಡ್ತೀವಿ ಅವ್ವ. ನಾನಿರೋದು ಬಾರಲ್ಲಿ" ಅಂದ.

ನನ್ನ ಕೈಲಿದ್ದ ಮೊರ ಕೆಳಗಿಟ್ಟೆ.

ನಮ್ಮ ಮನೆ ವಿಷ್ಯ ಗೊತ್ತಿಲ್ದೋರಿಗೆ ಇಲ್ಲಿ ಹೇಳ್ಬೇಕು. ನಮ್ಮ ಮೈದ ಒಳ್ಳೆ ಆರಂಬಗಾರ, ಎತ್ತು ಕಟ್ಟುದ್ರೆ ಚುಂಚನಕಟ್ಟೆ ಜಾತ್ರೇಲಿ ನಿಂತು ನೋಡೋ ಹಂಗೆ ಸಾಕ್ತಿದ್ದ. ಪ್ಯಾಕೆಟ್ ಸಾರಾಯಿ ಅವನ್ನ ತಿಂದಾಕ್ತು. ಸಾಯಂಕಾಲ ಒಂದು ಪ್ಯಾಕೆಟ್ಟಿಂದ ಶುರುವಾಗಿದ್ದು, ಆಮೇಲೆ ಬೆಳಿಗ್ಗೆ ಹಲ್ಲುಜ್ಜೋಕೆ ಮುಂಚೇನೇ ಆಯ್ತು. ವಾರಗಿತ್ತಿ ಬಾಗ್ಲಲ್ಲಿ ನಿಂತು, "ಊದು" ಅಂತಿದ್ಲು. ಊದುದ್ರೆ ಒಳಕ್ಕೆ, ಇಲ್ಲಾಂದ್ರೆ ಜಗಲಿ ಮೇಲೆ. ಎಷ್ಟೋ ರಾತ್ರಿ ಜಗಲಿ ಮೇಲೇ ಮಲಗಿದ್ದ. ಕೊನೆಗೆ ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ, 2005ರಲ್ಲಿ ಹೋದ. ಮಗಳಿಗೆ ಆಗ ಮೂರು ವರ್ಷ. 2007ರ ಜುಲೈ ಒಂದನೇ ತಾರೀಕಿಂದ ಸರ್ಕಾರ ಸಾರಾಯಿ ನಿಲ್ಲಿಸ್ತಲ್ಲ, ಆವತ್ತು ಊರ ಹೆಂಗಸ್ರೆಲ್ಲ ಖುಷಿಪಟ್ರು. ಇವಳು ರಾಗಿ ಬೀಸ್ತಾ ಕೂತಿದ್ಲು. "ಎರಡು ವರ್ಷ ಮುಂಚೆ ನಿಲ್ಲಿಸಿದ್ರೆ ಇವ್ರ ಗಂಟೇನು ಹೋಗ್ತಿತ್ತು" ಅಂತ ಅಷ್ಟೇ ಅಂದಿದ್ದು.

ಅಂಥಾ ಮನೆ ಮರದ ಹಣ್ಣನ್ನ ಬಾರಿಗೆ ಕೊಡೋದಾ? ನಮ್ಮನೆಯವ್ರಿಗೆ ಹೇಳುದ್ರೆ, "ಹಣ್ಣಿನ ಯಾಪಾರ ತಾನೆ, ಅದ್ರಲ್ಲೇನು" ಅಂದ್ಬುಟ್ರು. ಗಂಡಸ್ರಿಗೆ ಏನು, ಹೇಳ್ಬುಡ್ತಾರೆ. ಕಿಲೋಗೆ ಅವರು ಕೊಡೋ ದುಡ್ಡು ನಾವು ಹ್ಯಾಂಡ್‌ಪೋಸ್ಟಲ್ಲಿ ಬುಟ್ಟಿ ಇಟ್ಕೊಂಡು ಕೂತ್ರೆ ಸಿಕ್ಕೋದ್ಕಿಂತ ಮೂರು ಪಟ್ಟು. ವಾರಗಿತ್ತಿ ಮಗಳು ಆಗ ಡಿಗ್ರಿ ಓದ್ತಿದ್ಲು, ಮುಂದೆ ಬಿ.ಎಡ್. ಮಾಡ್ಬೇಕು ಅಂತಿದ್ಲು. ನಾನು ಒಂದು ದಿನ ಪೂರ್ತಿ ಯೋಚ್ನೆ ಮಾಡಿ, ವಾರಗಿತ್ತಿ ಹತ್ರ ಹೋಗಿ ಸುಳ್ಳು ಹೇಳ್ದೆ. "ಮಗ ಕೆಲ್ಸ ಮಾಡೋ ಕಡೆ ಜ್ಯೂಸಿಗೆ ನೇರಳೆ ಬೇಕಂತೆ. ದುಡ್ಡಲ್ಲಿ ನಿಂಗರ್ಧ ನಂಗರ್ಧ" ಅಂತ. ಅವಳು ನನ್ನ ಮುಖ ನೋಡಿ, "ಆಗ್ಲಿ ಅಕ್ಕ" ಅಂದ್ಲು.

ಇನ್ನು ಹಣ್ಣಿನ ವಿಷ್ಯಕ್ಕೆ ಬತ್ತೀನಿ.

ಮೊದಲ್ನೇ ವರ್ಷ ನಾನು ಮಾಡ್ದ ತಪ್ಪು ನೀವು ಮಾಡ್ಬೇಡಿ. ಹಣ್ಣು ತೊಳೆದು, ನೀರು ಸುರೀತಿರೋ ಹಂಗೇ ದೊಡ್ಡ ಕವರಿಗೆ ತುಂಬಿ, ಗಂಟು ಹಾಕಿ ಫ್ರೀಜರಲ್ಲಿಟ್ಟೆ. ಮಾರನೇ ದಿನ ನೋಡುದ್ರೆ ಐದು ಕೇಜಿ ಹಣ್ಣು ಒಂದೇ ಕಲ್ಲುಗುಂಡು! ವಸಿ ಬೇಕಂದ್ರೂ ಪೂರ್ತಿ ಕರಗಿಸ್ಬೇಕು. ನಾನು ಗುಂಡುಕಲ್ಲು ತಕೊಂಡು ಕುಟ್ಟುದ್ರೆ ಕವರೂ ಹರೀತು, ಅಡಿಗೆಮನೆ ಗೋಡೆಗೆಲ್ಲ ನೇರಳೆ ಬಣ್ಣ. ಇವತ್ತಿಗೂ ಒಂದು ಕಲೆ ಅದೆ, ಸುಣ್ಣ ಹೊಡುದ್ರೂ ಇಣುಕ್ತದೆ. ಮಗ ಬಂದು ನೋಡಿ ನಗಾಡ್ಬುಟ್ಟು, ಆಮೇಲೆ ಸರಿಯಾದ ಕ್ರಮ ಹೇಳ್ಕೊಟ್ಟ.

ಹಣ್ಣು ಕೀಳೋದ್ರಿಂದ್ಲೇ ಜೋಪಾನ ಬೇಕು. ನೇರಳೆ ಕೊಂಬೇನ ನಂಬಿ ಹತ್ತಬಾರ್ದು, ನೋಡೋಕೆ ದಪ್ಪಗಿರ್ತದೆ, ಲಟ್ ಅಂತ ಮುರೀತದೆ. ನಮ್ಮೂರಲ್ಲೇ ಇಬ್ರು ಹುಡುಗ್ರು ಕೈ ಮುರ್ಕೊಂಡವ್ರೆ. ನಾವು ಬೆಳಿಗ್ಗೆ ಬಿಸಿಲೇರೋಕೆ ಮುಂಚೆ ಮರದಡಿ ಟಾರ್ಪಾಲು ಹಾಸಿ, ಅದ್ರ ಮೇಲೆ ಹಳೇ ಸೀರೆ ಹಾಸಿ, ಉದ್ದನೇ ಬಿದಿರು ಗಳೇಲಿ ಕೊಂಬೆ ಅಲ್ಲಾಡಿಸ್ತೀವಿ. ಸೀರೆ ಮೇಲೆ ಬಿದ್ರೆ ಹಣ್ಣು ಒಡೆಯೋದು ಕಮ್ಮಿ. ಆ ಸೀರೆ ಮತ್ತೆ ಉಡಕ್ಕಾಗಲ್ಲ, ಕಲೆ ಹೋಗೋದೇ ಇಲ್ಲ. ಬಿದ್ದ ಹಣ್ಣನ್ನ ಅಲ್ಲೇ ಮೂರು ಪಾಲು ಮಾಡ್ಬೇಕು. ಗಟ್ಟಿಯಾಗಿ ಹೊಳೆಯೋವು ಒಂದು ಕಡೆ. ಮೆತ್ತಗಾಗಿ, ವಸಿ ಬಿರುಕು ಬಿಟ್ಟಿರೋವು ಇನ್ನೊಂದು ಕಡೆ. ಹಕ್ಕಿ ಕಚ್ಚಿದ್ದು, ಬಾವಲಿ ಚೀಪಿದ್ದು ಯಾವ್ದೂ ಬೇಡ, ಗುಂಡಿಗೆ ಹಾಕಿ. ಆಸೆ ಮಾಡ್ಬೇಡಿ.

ಎರಡು ಮೂರು ದಿನದಲ್ಲಿ ತಿನ್ನಕ್ಕೆ ಇಟ್ಕೊಳೋ ಹಣ್ಣನ್ನ ತೊಳೀಲೇಬಾರ್ದು. ಅಗಲವಾದ ಡಬ್ಬಿಗೆ ಪೇಪರ್ ಹಾಸಿ ಒಂದು ಪದರ ಹರಡಿ, ಮುಚ್ಚಳ ವಸಿ ಸಡಿಲ ಬಿಟ್ಟು ಫ್ರಿಜ್ಜಿನ ಕೆಳಗಡೆ ಇಡಿ. ಬಿಗಿಯಾಗಿ ಮುಚ್ಚುದ್ರೆ ಒಳಗೆ ಬೆವರಿ ಬೂಷ್ಟು ಹಿಡೀತದೆ. ಒಂದು ಕೊಳೆತಿದ್ರೆ ಪಕ್ಕದ್ದಕ್ಕೂ ಹತ್ಕೊಳ್ತದೆ, ದಿನಾ ಒಂದು ಸಲ ಕಣ್ಣಾಡಿಸಿ. ತಿನ್ನೋ ಹೊತ್ತಲ್ಲಿ ತೊಳುದ್ರೆ ಸಾಕು. ಹಿಂಗಿಟ್ರೆ ಐದಾರು ದಿನ ಬರ್ತದೆ. ಬಾರಿನವ್ರು ಲೋಟದ ಮೇಲೆ ಚೆಂದಕ್ಕೆ ಇಡೋದು ಈ ಹಣ್ಣು. ಫ್ರೀಜರಿಂದ ತೆಗೆದಿದ್ದು ಅದುಕ್ಕಾಗಲ್ಲ, ಕರಗುದ್ ಮೇಲೆ ಪಿಚಪಿಚ ಅಂತದೆ. ಯಾಕೆ ಹಂಗೆ ಅಂತ ವಾರಗಿತ್ತಿ ಮಗಳು ಹೇಳುದ್ಲು. ಹಣ್ಣಲ್ಲಿರೋದೆಲ್ಲ ನೀರು, ಅದು ಗಡ್ಡೆ ಕಟ್ಟುವಾಗ ಚೂಪು ಚೂಪು ಹರಳಾಗಿ ಹಣ್ಣಿನ ಒಳಗೋಡೆನೆಲ್ಲ ಸೀಳಾಕ್ತದಂತೆ. ಬೇಗ ಗಡ್ಡೆ ಕಟ್ಟುದ್ರೆ ಹರಳು ಸಣ್ಣದು, ನಿಧಾನಕ್ಕೆ ಕಟ್ಟುದ್ರೆ ದೊಡ್ಡದು. ಅದುಕ್ಕೇ ಒಂದೇ ಸಲ ರಾಶಿ ತುಂಬಬಾರ್ದು. ಅವಳು ಸೈನ್ಸ್ ಓದಿದೋಳು, ನಾನು ಪಿಯುಸಿ ಆರ್ಟ್ಸು. ಆದ್ರೂ ನಂಗೆ ಅರ್ಥವಾಯ್ತು.

ಇಡೀ ಹಣ್ಣು ಫ್ರೀಜರಿಗೆ ಹಾಕೋದು ಹಿಂಗೆ. ಗಟ್ಟಿ ಹಣ್ಣನ್ನ ಎರಡು ನೀರಲ್ಲಿ ತೊಳೆದು, ಹತ್ತಿ ಬಟ್ಟೆ ಮೇಲೆ ಫ್ಯಾನಡಿ ಹರಡಿ. ಮುಟ್ಟುದ್ರೆ ಕೈಗೆ ತೇವ ಹತ್ತಬಾರ್ದು, ಅಲ್ಲೀ ತನಕ ಒಣಗಬೇಕು. ಆಮೇಲೆ ಸ್ಟೀಲ್ ತಟ್ಟೇಲಿ ಒಂದಕ್ಕೊಂದು ತಾಗದಂಗೆ ಒಂದೇ ಸಾಲು ಜೋಡ್ಸಿ ರಾತ್ರಿಯೆಲ್ಲ ಫ್ರೀಜರಲ್ಲಿ ಬಿಡಿ. ಬೆಳಿಗ್ಗೆ ಗೋಲಿ ಥರ ಕಟಕಟ ಅಂತಾವೆ. ಆಗ ಕವರಿಗೆ ತುಂಬಿ, ಗಾಳಿಯೆಲ್ಲ ಒತ್ತಿ ಆಚೆ ಕಳ್ಸಿ ಬಿಗಿಯಾಗಿ ಕಟ್ಟಿ. ಇನ್ನು ಒಂದಕ್ಕೊಂದು ಅಂಟಲ್ಲ, ಒಂದು ಹಿಡಿ ಬೇಕಂದ್ರೆ ಒಂದು ಹಿಡಿ ತೆಗೀಬೋದು. ಕವರಲ್ಲಿ ಗಾಳಿ ಉಳಿದ್ರೆ ಹಣ್ಣಿನ ಮೇಲೆ ಹಿಮದ ಪುಡಿ ಕೂತು ಒಣಗಿ ಸಪ್ಪಗಾಯ್ತವೆ. ಈ ಗೋಲಿ ಹಣ್ಣನ್ನ ಐಸಿನ ಬದ್ಲಿಗೆ ಲೋಟಕ್ಕೆ ಹಾಕ್ತಾರಂತೆ. ಐಸು ಕರಗುದ್ರೆ ಪಾನಕ ನೀರಾಯ್ತದೆ, ಹಣ್ಣು ಕರಗುದ್ರೆ ರುಚಿ ಹೆಚ್ಚಾಯ್ತದೆ. ಇದು ನಮ್ಮನೆ ನಿಂಬೆಹಣ್ಣಿನ ಪಾನಕಕ್ಕೂ ಆಗೋ ಮಾತು. ಯುಗಾದೀಲಿ ನಾದ್ನಿಗೆ ಹಂಗೇ ಕೊಟ್ಟಿದ್ದು.

ಮೆತ್ತಗಿರೋ ಹಣ್ಣು ತಿರುಳಿಗೆ. ಸ್ಟೀಲ್ ಪಾತ್ರೇಲಿ ಹಾಕಿ, ಒಂದೆರಡು ಲೋಟ ನೀರು ಬುಟ್ಟು, ಸಣ್ಣ ಉರೀಲಿ ಹತ್ತು ನಿಮಿಷ. ಸಿಪ್ಪೆ ಬಿರೀತು ಅಂದ್ರೆ ಇಳ್ಸಿ. ಕಬ್ಬಿಣದ ಬಾಣಲೆ, ಅಲ್ಯೂಮಿನಿಯಂ ಪಾತ್ರೆ ಬೇಡ, ಬಣ್ಣ ಕೆಟ್ಟು ರುಚೀನೂ ಒಂಥರ ಆಯ್ತದೆ. ಆರಿದ ಮೇಲೆ ಕೈಲಿ ಕಿವುಚಿ, ದಪ್ಪ ತೂತಿನ ಜರಡೀಲಿ ಉಜ್ಜಿ. ಮಿಕ್ಸಿಗೆ ಬೀಜದ ಸಮೇತ ಹಾಕ್ಬೇಡಿ, ಬೀಜ ಪುಡಿಯಾದ್ರೆ ಪೂರ್ತಿ ಕಹಿ ಒಗರು. ನನ್ನ ಲೆಕ್ಕದಲ್ಲಿ ಹತ್ತು ಕೇಜಿ ಹಣ್ಣಿಗೆ ಆರು ಕೇಜಿ ತಿರುಳು ಸಿಕ್ತದೆ. ಬೀಜಾನ ತೊಳೆದು ಒಣಗಿಸಿ ಇಡ್ತೀನಿ, ಸಕ್ಕರೆ ಕಾಯಿಲೆಯವ್ರು ಪುಡಿ ಮಾಡ್ಕೊಳಕ್ಕೆ ಕೇಳ್ಕೊಂಡು ಬತ್ತಾರೆ. ಕೊಡ್ತೀನಿ, ಡಾಕ್ಟ್ರು ಕೊಟ್ಟ ಮಾತ್ರೆ ಮಾತ್ರ ಬುಡಬೇಡಿ ಅಂತ ಹೇಳಿ ಕೊಡ್ತೀನಿ.

ತಿರುಳಿಗೆ ಕೇಜಿಗೆ ಎರಡು ನಿಂಬೆಹಣ್ಣು ಹಿಂಡ್ಬೇಕು. ಹಿಂಡುದ್ರೆ ಕಪ್ಪು ನೇರಳೆ ಬಣ್ಣ ತಿರುಗಿ ಕೆಂಪಗೆ ಹೊಳೀತದೆ, ನೋಡೋಕೇ ಚೆಂದ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಹಾಕುದ್ರೆ ನೀಲಿ ನೀಲಿಯಾಗಿ ಮಂಕಾಯ್ತದೆ, ಅದುಕ್ಕೆ ನಾನು ಕುಡಿಯೋ ಫಿಲ್ಟರ್ ನೀರೇ ಹಾಕೋದು. ಡಬ್ಬಿ ಭರ್ತಿ ತುಂಬಬೇಡಿ, ಒಂದು ಬೆರಳು ಜಾಗ ಬುಡಿ. ನೀರು ಗಡ್ಡೆ ಕಟ್ಟುವಾಗ ಉಬ್ತದೆ, ಗಾಜಿನ ಬಾಟ್ಲಿ ಆದ್ರೆ ಒಡ್ದೇ ಹೋಯ್ತದೆ. ಮನೆ ಮಟ್ಟಿಗೆ ಐಸ್ ಟ್ರೇಗೆ ಹುಯ್ದು, ಗಡ್ಡೆಯಾದ್ ಮೇಲೆ ಬಿಡಿಸಿ ಕವರಿಗೆ ಹಾಕಿಡೋದು ಅನುಕೂಲ. ಎರಡು ಗಡ್ಡೆ, ಒಂದು ಲೋಟ ತಣ್ಣೀರು, ಸಕ್ಕರೆ, ಚಿಟಿಕೆ ಉಪ್ಪು, ಮುಗೀತು. ಡಬ್ಬಿ ಮೇಲೆ ತಾರೀಕು ಬರೀರಿ. ಬರೀದಿದ್ರೆ ಹೋದ ವರ್ಷದ್ದು ಯಾವ್ದು ಈ ವರ್ಷದ್ದು ಯಾವ್ದು ಗೊತ್ತಾಗಲ್ಲ. ಮೈನಸ್ 18 ಡಿಗ್ರೀಲಿ ಇದ್ರೆ ಮುಂದಿನ ಹಣ್ಣು ಬರೋ ತನಕ ಕೆಡಲ್ಲ. ಮನೆ ಫ್ರಿಜ್ಜಿನ ಮೇಲಿನ ಖಾನೆ ಆದ್ರೆ ಆರು ತಿಂಗ್ಳಲ್ಲಿ ಮುಗಿಸ್ಬುಡಿ, ನಾವು ದಿನಕ್ಕೆ ಹತ್ತು ಸಲ ಬಾಗಿಲು ತೆಗೀತೀವಿ.

ಬೇರೆ ಹಣ್ಣಿನ ಮಾತು ಎರಡೇ. ಹಿಪ್ಪುನೇರಳೆ ಹಣ್ಣು ರೇಷ್ಮೆ ಮಾಡೋರ ಹೊಲದ ಬದೂಲಿ ಸವರದೇ ಬಿಟ್ಟ ಗಿಡದಲ್ಲಿ ಸಿಕ್ತದೆ, ಸೊಪ್ಪಿಗೆ ಅಂತ ಸವರೋ ಗಿಡದಲ್ಲಿ ಹಣ್ಣೆಲ್ಲಿ ನಿಲ್ತದೆ. ಕಿತ್ತ ಅವತ್ತೇ ಬಳಸ್ಬೇಕು, ಇಲ್ಲ ತೊಟ್ಟಿನ ಸಮೇತ ತಟ್ಟೇಲಿ ಗಡ್ಡೆ ಕಟ್ಟಿಸ್ಬೇಕು. ತೊಟ್ಟು ಮುಂಚೇನೇ ಕಿತ್ರೆ ರಸವೆಲ್ಲ ಸೋರ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆಯೋರು ನಂಗೆ ಹೇಳ್ಬೇಡಿ, ನಿಮ್ಮ ಕಡೆ ಹೊಗೆಸೊಪ್ಪಿನ ಹೊಲವೇ ಜಾಸ್ತಿ, ಅದ್ರ ಪಕ್ಕದ ಹಿಪ್ಪುನೇರಳೆ ಸೊಪ್ಪು ತಿಂದ್ರೆ ರೇಷ್ಮೆ ಹುಳ ಉಳಿಯಲ್ಲ. ಅಂಥಾ ಕಡೆ ಹಣ್ಣೂ ನಾನು ತಕೊಳಲ್ಲ. ಮೈಸೂರಿಂದ ಸ್ಟ್ರಾಬೆರ್ರಿ ತಂದ್ರೆ ತೊಳುದ್ ಮೇಲೆ ತೊಟ್ಟು ತೆಗೀರಿ, ಮೊದಲೇ ತೆಗುದ್ರೆ ಒಳಗೆ ನೀರು ಕುಡ್ಕೊಂಡು ಸಪ್ಪಗಾಯ್ತವೆ. ಕವಳೆ ಹಣ್ಣಿನ ಹಾಲು ಅಂಟಂಟು, ನಂಗೆ ಅದ್ರ ಉಪ್ಪಿನಕಾಯೇ ಇಷ್ಟ, ಫ್ರೀಜರಿಗೆ ಹಾಕಕ್ಕೆ ಮನಸಿಲ್ಲ.

ಎರಡನೇ ವರ್ಷ ಸಂಘದಿಂದ ಸಾಲ ತಕೊಂಡು, ಹುಣಸೂರಲ್ಲಿ ಮುಚ್ಚಿಹೋದ ಒಂದು ಬೇಕರೀದು ಹಳೇ ಡೀಪ್ ಫ್ರೀಜರ್ ತಂದೋ. ಪೆಟ್ಟಿಗೆ ಥರದ್ದು, ಮೇಲಿಂದ ಬಾಗಿಲು. ವಾರಗಿತ್ತಿಗೂ ನಂಗೂ ಅದೇ ದೊಡ್ಡ ಸಂಭ್ರಮ. ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡುದ್ಲು. ನಂಗೆ ಹೊಟ್ಟೆಯೊಳ್ಗೆ ಒಂಥರ. ಪೂಜೆ ಮಾಡ್ತಾ ಇರೋಳಿಗೆ ಇದ್ರಲ್ಲಿ ಇಡೋ ಹಣ್ಣು ಎಲ್ಲಿಗೆ ಹೋಯ್ತದೆ ಅಂತ ಗೊತ್ತಿಲ್ವಲ್ಲ ಅಂತ. ಮಗನ್ನ ಬೈದೆ, "ನೀನೇ ಹೇಳು" ಅಂತ. ಅವ್ನು ಉತ್ರ ಕೊಡ್ಲಿಲ್ಲ. ರಜ ಸಿಕ್ಕಿ ಬಂದಾಗೆಲ್ಲ ಬೈಕ್ ನಿಲ್ಸಿ ಮೊದ್ಲು ಚಿಕ್ಕವ್ವನ ಬಾಗಿಲಿಗೇ ಹೋಗ್ತಿದ್ದ, ಆಮೇಲೆ ನಮ್ಮ ಮನೆಗೆ. ಕಾಫಿಗೆ ಹೋಗ್ತಾನೆ ಅಂತ ನಾನು ತಿಳ್ಕೊಂಡಿದ್ದೆ. ಅವಳ ಕಾಫಿ ನನ್ನ ಕಾಫಿಗಿಂತ ಚೆಂದ, ಸುಳ್ಳು ಯಾಕೆ ಹೇಳ್ಲಿ.

ಆ ಬಾರಿನ ವಿಷ್ಯ ನಾನೂ ವಸಿ ವಸಿ ಕೇಳಿ ತಿಳ್ಕೊಂಡೆ. ಜಿನ್ ಅಂತ ಒಂದು ಬತ್ತದಂತೆ, ನೀರಿನಂಗೆ ಬೆಳ್ಳಗೆ. ಅದ್ರ ವಾಸ್ನೇನೂ ಜುನಿಪರ್ ಅನ್ನೋ ಒಂದು ಗಿಡದ ಕಾಯಿಂದ್ಲೇ ಬರೋದಂತೆ. ಅದಕ್ಕೆ ನಮ್ಮ ತಿರುಳು, ನಿಂಬೆರಸ, ಸಕ್ಕರೆ ಪಾಕ ಹಾಕಿ ಕುಲುಕಿ, ಲೋಟದ ಬಾಯಿಗೆ ಉಪ್ಪು ಖಾರದಪುಡಿ ಹಚ್ಚಿ ಕೊಡ್ತಾರೆ. ಮಕ್ಳಿಗೆ, ಕುಡೀದೇ ಇರೋರಿಗೆ ಜಿನ್ ಬುಟ್ಟು ಸೋಡಾ. ಉಪ್ಪು ಖಾರ ಹಚ್ಚಿ ನೇರಳೆ ತಿನ್ನೋದು ನಾವು ಇಸ್ಕೂಲ್ ಬಾಗಿಲಲ್ಲೇ ಕಲ್ತಿದ್ದು, ಅದುಕ್ಕೆ ಅಷ್ಟು ದುಡ್ಡು! ಬಾಟ್ಲೀನೇ ಫ್ರೀಜರಲ್ಲಿ ಇಡ್ತಾರಂತೆ, ಅದು ಗಡ್ಡೆ ಕಟ್ಟಲ್ವಂತೆ. ಹಣ್ಣು ಕಲ್ಲಾಗೋ ಕಡೆ ಅದು ನೀರಾಗೇ ಇರ್ತದೆ ಅಂದ್ರೆ ನಂಗೆ ಯಾಕೋ ಮೈ ಜುಮ್ ಅಂತು.

ಹೋದ ವರ್ಷ ಆಷಾಢದಲ್ಲಿ ಗಾಳಿ ಮಳೆ ಹುಯ್ತಲ್ಲ, ನಮ್ಮ ಕಡೆ ಮರ ಬಿದ್ದು ಕಂಬ ಮುರುದ್ವು. ಕರೆಂಟು ಒಂದು ರಾತ್ರಿ, ಒಂದು ಹಗಲು, ಮತ್ತೊಂದು ರಾತ್ರಿ ಇಲ್ಲ. ಫ್ರೀಜರ್ ಬಾಗಿಲು ತೆಗೀಬೇಡ ಅಂತ ಮಗ ಹೇಳಿದ್ದ. ಭರ್ತಿ ತುಂಬಿರೋ ಡೀಪ್ ಫ್ರೀಜರ್ ಮುಚ್ಚೇ ಇದ್ರೆ ಎರಡು ದಿನ ತಡೀತದೆ, ಅರ್ಧ ತುಂಬಿದ್ರೆ ಒಂದೇ ದಿನ. ನಮ್ದು ಅರ್ಧ. ನಾನು ಕಂಬಳಿ ಹೊದಿಸಿ ಕೂತೆ. ಎರಡನೇ ದಿನ ಸಾಯಂಕಾಲ ತಡೀಲಾರ್ದೆ ತೆಗೆದು ಬಟ್ಟಲು ನೋಡ್ದೆ. ಇದೊಂದು ಉಪಾಯ ನೀವೂ ಮಾಡ್ಕೊಳಿ: ಸಣ್ಣ ಬಟ್ಟಲಲ್ಲಿ ನೀರು ಗಡ್ಡೆ ಕಟ್ಟಿಸಿ, ಮೇಲೆ ಒಂದು ರೂಪಾಯಿ ಇಟ್ಟು ಫ್ರೀಜರಲ್ಲಿ ಬಿಟ್ಟಿರ್ಬೇಕು. ರೂಪಾಯಿ ಮೇಲೇ ಇದ್ರೆ ಒಳಗೆ ಕರಗಿಲ್ಲ ಅಂತ. ಮುಳುಗಿದ್ರೆ ಕರಗಿ ಮತ್ತೆ ಗಡ್ಡೆ ಕಟ್ಟಿದೆ ಅಂತ, ಊರಿಗೆ ಹೋಗಿ ಬಂದಾಗ ಇದು ಬಾಳ ಉಪಯೋಗ. ನನ್ನ ರೂಪಾಯಿ ನೀರೊಳ್ಗೆ ತಳದಲ್ಲಿ ಕೂತಿತ್ತು.

"ಹೋಯ್ತು ಕಣೇ" ಅಂತ ಕೂಗ್ದೆ. ವಾರಗಿತ್ತಿ ಓಡಿ ಬಂದ್ಲು. ಡಬ್ಬಿ ಒಂದೊಂದೇ ತೆಗೆದು ನೋಡುದ್ಲು. ತಳದವು ಇನ್ನೂ ಗಟ್ಟಿ, ನಡುವೆ ಹಿಮ ಹಿಮ. ಮೇಲಿನ ಎಂಟು ಕೇಜಿ ತಿರುಳು ಪೂರ್ತಿ ನೀರು, ಮುಟ್ಟುದ್ರೆ ತಣ್ಣಗೇ ಇತ್ತು. ಕರಗಿದ್ದನ್ನ ತಿರುಗಿ ಗಡ್ಡೆ ಕಟ್ಟಿಸಿ ಕೊಡೋದು ಬೇಡ ಅಂತ ಇಬ್ರೂ ಒಪ್ಪುದೋ. ತಿನ್ನೋರ ಹೊಟ್ಟೆ ವಿಷ್ಯ. "ಪಾಕ ಮಾಡಾಣ ಅಕ್ಕ" ಅಂದ್ಲು. ಸೌದೆ ಒಲೆ ಹಚ್ಚಿ, ಮದ್ವೆ ಮನೆಗೆ ಬಾಡಿಗೆಗೆ ಕೊಡೋ ದೊಡ್ಡ ಸ್ಟೀಲ್ ಪಾತ್ರೆ ಇಟ್ಟೋ. ಕೇಜಿ ತಿರುಳಿಗೆ ಕೇಜಿ ಸಕ್ಕರೆ. ಚಾರ್ಜರ್ ಲೈಟ್ ಬೆಳಕಲ್ಲಿ ನಾನು ಸೌದೆ ತುಂಬ್ತಿದ್ದೆ, ಅವಳು ಕೈ ಆಡಿಸ್ತಿದ್ಲು.

ಆಗ ಮಗನ ಫೋನು. ನನ್ನ ಕೈಯೆಲ್ಲ ಮಸಿ, ಸ್ಪೀಕರಿಗೆ ಹಾಕ್ದೆ. "ಅವ್ವಾ, ಶನಿವಾರಕ್ಕೆ ಬಾರಿಗೆ ಹತ್ತು ಕೇಜಿ ತಿರುಳು ಹೇಳಿದ್ರು, ದೊಡ್ಡ ಪಾರ್ಟಿ ಅದೆ. ಏನ್ ಹೇಳ್ಲಿ ಅವ್ರಿಗೆ?" ಅಂದ.

ನಾನು ವಾರಗಿತ್ತಿ ಕಡೆ ನೋಡ್ಲಿಲ್ಲ. ನೋಡಕ್ಕೆ ಧೈರ್ಯ ಬರ್ಲಿಲ್ಲ. ಅವಳೇ ಫೋನ್ ಕಡೆ ಬಗ್ಗಿ, "ಎರಡು ಕೇಜಿ ಮಾತ್ರ ಗಟ್ಟಿ ಅದೆ ಅಂತ ಹೇಳು ಮಗ. ಉಳಿದುದ್ದು ಪಾಕ ಮಾಡ್ತಿದ್ದೀವಿ, ಪಾಕ ಬೇಕಾ ಕೇಳು" ಅಂದ್ಲು. ಅವ್ನು "ಆಯ್ತು ಚಿಕ್ಕವ್ವ" ಅಂದ್ಬುಟ್ಟು ಫೋನ್ ಇಟ್ಟ.

ವಸಿ ಹೊತ್ತು ಪಾಕ ಕುದಿಯೋ ಸದ್ದೊಂದೇ. ಆಮೇಲೆ ನಾನೇ, "ನಿಂಗೆ ಯಾವಾಗ ಗೊತ್ತಾಯ್ತು?" ಅಂದೆ.

"ಮೊದಲ್ನೇ ವರ್ಷಾನೇ ಕಣಕ್ಕ. ನೀನು ಬಂದು ಜ್ಯೂಸಿಗೆ ಅಂದ್ಯಲ್ಲ, ಆವತ್ತು ರಾತ್ರಿ ಅವ್ನು ಬಂದು ಹೇಳ್ದ. ಅವ್ವ ಹಿಂಗಂದಿರ್ತಾಳೆ, ಅದು ಪೂರ್ತಿ ನಿಜ ಅಲ್ಲ ಚಿಕ್ಕವ್ವ, ನಿಂಗೆ ಬ್ಯಾಡ ಅಂದ್ರೆ ನಾನು ಬೇರೆ ಕಡೆ ನೋಡ್ತೀನಿ ಅಂದ."

"ಮತ್ತೆ ನೀನು ಏನಂದೆ?"

"ನಾನು ಕೊಡಲ್ಲ ಅಂದ್ರೆ ಅವ್ರೇನು ಕುಡಿಯೋದ್ ಬುಡ್ತಾರಾ? ನನ್ ಮಗಳ ಫೀಸು ಯಾರು ಕಟ್ತಾರೆ? ಕೊಡ್ತೀನಿ ಅಂದೆ. ನೀನು ಮಾತ್ರ ರಜಕ್ಕೆ ಬಂದಾಗೆಲ್ಲ ಮೊದ್ಲು ನನ್ ಬಾಗಿಲಿಗೆ ಬರ್ಬೇಕು, ಬಂದು ಊದಿ ತೋರ್ಸಿ ನಿಮ್ಮವ್ವನ ಹಟ್ಟಿಗೆ ಹೋಗ್ಬೇಕು ಅಂದೆ. ಎರಡು ವರ್ಷದಿಂದ ಒಂದು ಸಲಾನೂ ತಪ್ಪಿಸಿಲ್ಲ."

ಸೌದೆ ಹೊಗೆ ಕಣ್ಣಿಗೆ ಬಂತು ಅಂತ ನಾನು ಸೆರಗಲ್ಲಿ ಒರೆಸ್ಕೊಂಡೆ. ಅವಳು ಪಾಕ ಬೆರಳಲ್ಲಿ ಮುಟ್ಟಿ, "ಒಂದೆಳೆ ಬಂತು, ನಿಂಬೆರಸ ಹಾಕು, ಇಳ್ಸಾಣ" ಅಂದ್ಲು. ಕುದಿಯೋ ನೀರಲ್ಲಿ ಬಾಟ್ಲಿ ಬೇಯಿಸಿ, ಒಣಗಿಸಿ, ಬಿಸಿ ಇರೋವಾಗ್ಲೇ ತುಂಬುದೋ. ಸಣ್ಣವು ದೊಡ್ಡವು ಸೇರಿ ಹದಿನಾರು ಬಾಟ್ಲಿ. ಬಾರಿನವ್ರು ಹನ್ನೆರಡು ತಕೊಂಡ್ರು. ತಿರುಳಿಗಿಂತ ಅದೇ ಅನುಕೂಲ, ಇನ್ನು ಮೇಲೆ ಪಾಕಾನೂ ಕೊಡಿ ಅಂದ್ರು. ಹಂಗಾಗಿ ಕರೆಂಟು ಹೋಗಿದ್ದು ಪೂರ್ತಿ ನಷ್ಟ ಆಗ್ಲಿಲ್ಲ. ಸಕ್ಕರೆ ದುಡ್ಡು ಕಳ್ದು ಉಳಿದುದ್ರಲ್ಲಿ ಅರ್ಧರ್ಧ ಹಂಚ್ಕೊಂಡೋ. ಅವಳ ಮಗಳು ಈಗ ಮೈಸೂರಲ್ಲಿ ಬಿ.ಎಡ್. ಓದ್ತಾವ್ಳೆ.

ವಾರಗಿತ್ತಿ ಆ ಪಾಕ ಇವತ್ತಿನ ತನಕ ನಾಲಿಗೆಗೆ ಹಾಕಿಲ್ಲ. ಉಪ್ಪು ಸಾಲ್ದೇನೋ ನೋಡೇ ಅಂದ್ರೂ "ನೀನೇ ನೋಡಕ್ಕ" ಅಂತಾಳೆ. ಹಣ್ಣು ಮಾತ್ರ ಒಂದೊಂದೇ ಆರ್ಸಿ ಕೊಡ್ತಾಳೆ, ಅವಳು ಆರ್ಸಿದ್ರಲ್ಲಿ ಒಂದು ಕಲ್ಲು ಒಂದು ಎಲೆ ಇರಲ್ಲ.

ಈ ವರ್ಷ ಹೊಸ ವರ್ಷದ ಮಾರನೇ ದಿನ ಮಗ ಬರ್ತೀನಿ ಅಂದೋನು ಬರ್ಲಿಲ್ಲ. ಡ್ಯೂಟಿ ಜಾಸ್ತಿ ಆಯ್ತು, ಅಂತರಸಂತೇಲಿ ಸ್ನೇಹಿತನ ರೂಮಲ್ಲಿ ಮಲಗ್ಬುಟ್ಟೆ ಅಂದ. ಇರ್ಬೋದು, ಆವತ್ತು ರಾತ್ರಿಯೆಲ್ಲ ಜನ ಅಂತೆ. ವಾರಗಿತ್ತಿ ಸಾಯಂಕಾಲದ ತನಕ ಎರಡು ಸಲ ಬಂದು "ಬಂದ್ನಾ?" ಅಂತ ಕೇಳ್ಕೊಂಡು ಹೋದ್ಲು. ನಾನು ಅವ್ನ ಹೆಚ್ಚಿಗೆ ಏನೂ ಕೇಳ್ಲಿಲ್ಲ. ಅದಾದ ಮುಂದಿನ ವಾರ ಬಂದ, ಬೈಕ್ ನಿಲ್ಸಿ ಸೀದಾ ಅವಳ ಬಾಗಿಲಿಗೆ ಹೋದ. ನಾನು ಕಿಟಕೀಲಿ ನಿಂತು ನೋಡ್ತಿದ್ದೆ. ವಸಿ ಹೊತ್ತು ಜಾಸ್ತೀನೇ ನಿಂತಿದ್ದ ಅನ್ನಿಸ್ತು. ಆಮೇಲೆ ಅವಳು ಒಳಕ್ಕೆ ಕರ್ಕೊಂಡೋಗಿ ಕಾಫಿ ಕೊಟ್ಲು.

ಮರ ಈಗ ಕಾಯಿ ಕಚ್ಚಿದೆ, ಮಳೆ ಬಂದ್ರೆ ಇನ್ನು ಮೂರು ವಾರ. ನಾದ್ನಿ, ನೀನು ಬರೋದಾದ್ರೆ ಥರ್ಮಾಕೋಲ್ ಡಬ್ಬಿ ತಕೊಂಡ್ ಬಾ, ಬಸ್ಸಲ್ಲಿ ಹುಣಸೂರು ಮುಟ್ಟೋ ತನಕ ಕರಗಬಾರ್ದು. ಹಳೇ ಸೀರೆ ಇದ್ರೆ ಅದನ್ನೂ ತಾ, ನಮ್ಮಿಬ್ಬರವೂ ಹೋದ ವರ್ಷಕ್ಕೇ ಮುಗ್ದೋದ್ವು.